ಕುದುರೆಗೂ ಇದೆ ಪಾಸ್‌ಪೋರ್ಟು

ರೇಸ್‌ಕೋರ್ಸ್ ರಸ್ತೆಯಲ್ಲಿ ಬೆಳಗಿನ ನಾಲ್ಕೂವರೆಗೆ
ಬಸ್ಸಿಗಿಂತ ಮೊದಲು ಗೊರಸಿನ ಸದ್ದು.
ಇಪ್ಪತ್ತೆರಡು ವರ್ಷದಿಂದ ಅದನ್ನು ಕಿವಿಯಲ್ಲೇ ತೂಗುತ್ತಿದ್ದೇನೆ:
ಯಾವ ಕಾಲು ಸಡಿಲ,
ಯಾವ ಮೊಳೆ ಕೂದಲೆಳೆಯಷ್ಟು ಒಳಗೆ.

ಹೆಸರು ಇನಾಯತ್. ಕಸುಬು ಲಾಳ ಹೊಡೆಯುವುದು.
ಈ ತಿಂಗಳು ಮೂರು ದೇಶಗಳಿಗೆ ನಾನು ಬೇಕಾಗಿದ್ದೇನೆ.

ನಗಬೇಡಿ. ನನಗೂ ಮೊದಲು ನಗುವೇ ಬಂತು.
ಕಿಲ್ಡೇರಿನ ದೊಡ್ಡ ಲಾಯ, ದುಬೈಯ ಇನ್ನೂ ದೊಡ್ಡದು,
ನ್ಯೂಜಿಲೆಂಡಿನಲ್ಲಿ ಗಂಡ ಹೆಂಡತಿ ಸಾಕಿದ ಹದಿನಾಲ್ಕು ಕುದುರೆ.
ವೀಸಾಕ್ಕೆ ನಾವೇ ಪ್ರಾಯೋಜಕರು ಅಂತ ಮೂವರೂ.
ಪ್ರಾಯೋಜಕರು ಅಂದರೆ ನನಗೆ ಗೊತ್ತಿದ್ದದ್ದು
ರೇಡಿಯೋದಲ್ಲಿ ಹಾಡಿಗೆ ಮುಂಚೆ ಬರುವ ಹಲ್ಲುಪುಡಿಯ ಹೆಸರು.
ಮಗಳು ಶಬ್ರೀನ್ ಬಿಡಿಸಿ ಹೇಳಿದಳು:
'ಹಾಗಲ್ಲ ಅಬ್ಬಾ, ಅವರು ನಿಮಗೆ ಜಾಮೀನು.'

ಜಾಮೀನು. ಆ ಮಾತು ನಾಟಿತು.
ಯಾರದೋ ಚೀಟಿಗೆ ಜಾಮೀನು ನಿಂತು
ನಮ್ಮ ಅಬ್ಬ ಸೈಕಲ್ಲು ಮಾರಿ
ಶಿವಾಜಿನಗರದಿಂದ ನಡೆದು ಬರುತ್ತಿದ್ದರು, ಒಂದು ವರ್ಷ.
ಇಲ್ಲಿ ಉಲ್ಟಾ.
ಜಾಮೀನು ನಿಂತವನು ಕೈಬಿಟ್ಟರೆ
ನಡೆಯಬೇಕಾದವನು ನಾನು, ದೇಶದಿಂದಲೇ ಹೊರಕ್ಕೆ.

'ಮೂವರಿಗೂ ಹೂಂ ಅನ್ನು' ಅಂದ ಸೈಸು ಪೊನ್ನಂಬಲಂ,
ಆನಂದರಾವ್ ಸರ್ಕಲ್ಲಿನಲ್ಲಿ ಚಹಾ ಆರಿಸುತ್ತ,
'ಯಾರ ಕಾಗದ ಮೊದಲು ಬರುತ್ತೋ ಅವರದ್ದೇ ವಿಮಾನ.'
ರೇಸಿನ ಜನ. ಮೂರೂ ಕುದುರೆಗೆ ದುಡ್ಡು ಕಟ್ಟಿ
ಮನೆಗೆ ಬರಿಗೈಲಿ ಹೋಗುವವರು.
ನಾನು ಲಾಳದವನು.
ಒಂದು ಗೊರಸಿಗೆ ಮೂರು ಲಾಳ ಹೊಡೆಯಹೋದರೆ
ಮೊಳೆ ಇಳಿಯುವುದು ಜೀವಕ್ಕೇ.

ಅವತ್ತು ಕಂದು ಹೆಣ್ಣುಕುದುರೆಯೊಂದರ ಕಾಲು
ನನ್ನ ಮಂಡಿಗಳ ನಡುವೆ ಇತ್ತು.
ಅವಳಿಗೂ ಇದೆ ಪಾಸ್‌ಪೋರ್ಟು.
ಹಣೆಯ ಚುಕ್ಕೆ, ಕುತ್ತಿಗೆಯ ಸುಳಿ, ಹಿಂಗಾಲಿನ ಬಿಳಿ,
ಎಲ್ಲ ಬರೆದಿಟ್ಟಿದ್ದಾರೆ, ನನ್ನದಕ್ಕಿಂತ ಚೆನ್ನಾಗಿ.
ಹೋದ ವರ್ಷ ಮಾಲೀಕ ಬದಲಾದ.
ಪುಸ್ತಕ ಕೈಯಿಂದ ಕೈಗೆ ಹೋಯಿತು.
ಅವಳು ಹುಲ್ಲು ತಿನ್ನುತ್ತಲೇ ಇದ್ದಳು.
ಇಂತಿಷ್ಟು ದಿನದಲ್ಲಿ ಹೊರಡು ಅಂತ
ಅವಳಿಗೆ ಯಾರೂ ಹೇಳಲಿಲ್ಲ.

ರಾತ್ರಿ ಶಬ್ರೀನಳಿಂದ ಮೂವರಿಗೂ ಬರೆಸಿದೆ.
ಸಂಬಳದ ಮಾತಲ್ಲ.
ನಾಳೆ ನಿಮಗೆ ನಾನು ಬೇಡವಾದರೆ,
ಅಥವಾ ನನಗೆ ನೀವು,
ಇನ್ನೊಬ್ಬ ಜಾಮೀನು ಹುಡುಕಲು ನನಗೆಷ್ಟು ದಿನ?
ಪಾಸ್‌ಪೋರ್ಟು ಇರುವುದು ಯಾರ ಪೆಟ್ಟಿಗೆಯಲ್ಲಿ?

ದುಬೈಯವರು 'ಶುಭ ಕೆಲಸಕ್ಕೆ ಮುಂಚೆ ಅಂಥ ಮಾತೇಕೆ' ಅಂತ
ಗುಲಾಬಿಯ ಚಿತ್ರ ಕಳಿಸಿ ಸಂಬಳ ಏರಿಸಿದರು.
ಕಿಲ್ಡೇರಿನಿಂದ ವಕೀಲರ ಹನ್ನೊಂದು ಪುಟ.
ಶಬ್ರೀನ್ ನಾಲ್ಕನೆಯದರಲ್ಲಿ ನಿದ್ದೆ ಹೋದಳು.
ನ್ಯೂಜಿಲೆಂಡಿನ ಹೆಂಗಸು, ಹೆಸರು ಮಾರ್ಗೆರಿ,
'ಗೊತ್ತಿಲ್ಲ, ವಿಚಾರಿಸಿ ಹೇಳುತ್ತೇನೆ,
ನಿಮ್ಮ ಪಾಸ್‌ಪೋರ್ಟು ನಮಗ್ಯಾಕೆ?' ಅಂದಳು.

ಮನಸ್ಸು ಅಲ್ಲೇ ಹೋಗಿ ನಿಂತಿತು.
ಅಲ್ಲಿಯ ಹುಲ್ಲಿನ ಫೋಟೋ
ಕಸುಬಿನ ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿಯೂ ಬಿಟ್ಟೆ.

ಐದನೆಯ ದಿನ ಬಂತು ಉತ್ತರ.
ಹೊರಗಿನವರಿಗೆ ಜಾಮೀನು ನಿಲ್ಲಲು
ಅವರಿಗೇ ಇನ್ನೂ ಅನುಮತಿ ಸಿಕ್ಕಿಲ್ಲ.
ಅರ್ಜಿ ಹಾಕಿದ್ದಾರೆ. ಯಾವಾಗ ಅಂತ ಹೇಳಲಾರರು.
'ಮೊದಲೇ ತಿಳಿದುಕೊಳ್ಳಬೇಕಿತ್ತು, ಕ್ಷಮಿಸಿ.'

ಆಮೇಲೆ ಕಿಲ್ಡೇರಿನ ಕಾಗದ ತೆಗೆದೆವು,
ನಿದ್ದೆ ಬರಿಸುವ ಆ ಹನ್ನೊಂದು ಪುಟ.
ಒಂಬತ್ತನೆಯದರಲ್ಲಿ ಇತ್ತು ಎಲ್ಲ, ಒಣಒಣವಾಗಿ,
ದಿನಗಳು, ಖರ್ಚು ಯಾರದು, ಪಾಸ್‌ಪೋರ್ಟು ನನ್ನದೇ.
ಒಂದು ಗುಲಾಬಿ ಇರಲಿಲ್ಲ.
ಬೆರಳಿಟ್ಟು ಮೂರು ಸಲ ಓದಿಸಿದೆ.
ಸಹಿ ಹಾಕಿದೆ.

ಬೇಡ ಅನ್ನುವ ಕಾಗದ ಎರಡು.
ದುಬೈಗೆ ಎರಡು ಸಾಲು ಸಾಕಾಯಿತು.
ಮಾರ್ಗೆರಿಗೆ ಬರೆಯಲು ಒಂದು ರಾತ್ರಿ ಹಿಡಿಯಿತು.
ಶಬ್ರೀನಳ ಇಂಗ್ಲಿಷಿನಲ್ಲಿ 'ಬೇಡ'ಕ್ಕೆ ತುಂಬಾ ಚೂಪು.

ಅವಳು ಬೇಸರಿಸಲಿಲ್ಲ. ಮರಿಕುದುರೆಯ ಫೋಟೋ ಕಳಿಸಿ
ಕಾಲು ಒಳಕ್ಕೆ ತಿರುಗಿದೆಯೇ ಅಂತ ಕೇಳಿದಳು.

ತಿರುಗಿದೆ, ಸ್ವಲ್ಪ.
ಒಳಗಿನ ಅಂಚನ್ನು ಅಕ್ಕಿಕಾಳಿನಷ್ಟು ಉಜ್ಜಿ.
ಹೆಚ್ಚು ಬೇಡ.
ಎರಡು ವಾರ ಬಿಟ್ಟು ಇನ್ನೊಂದು ಫೋಟೋ ಕಳಿಸಿ,
ಬಿಸಿಲು ಎಡದಿಂದ ಬೀಳುವಾಗ.